ಚೆಂಡು ಎಲ್ಲುಂಟು, ನೋಡಿ ಓಡು

ನಮ್ಮ ಕಡೆ ಓಟವನ್ನು ಮೆಚ್ಚುವವರಿಗೆ ಬರವಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಸಿಗುತ್ತದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ದೂರದಲ್ಲಿ ಕೋಣ ಓಡಿಸುವ ಒಂದು ಕಂಬಳದ ಕರೆ ಇದ್ದೇ ಇದೆ. ಇಲ್ಲೇ ಕೊಡಂಗೆಯಲ್ಲಿ ವೀರ-ವಿಕ್ರಮ ಜೋಡುಕರೆ, ವೇಣೂರಿನಲ್ಲಿ ಸೂರ್ಯ-ಚಂದ್ರ, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ. 2020ರ ಫೆಬ್ರವರಿಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿ ಮಾತಾಡಿತು. ಆ ಮಾತು ಆರುವ ಮೊದಲೇ, ಅದೇ ತಿಂಗಳು, ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಚಹಾದಂಗಡಿಯಲ್ಲಿ ಸೆಕೆಂಡಿನ ನೂರನೇ ಒಂದು ಭಾಗದ ಬಗ್ಗೆ ವಾದ ಮಾಡುವ ಊರು ನಮ್ಮದು.

ಕಂಬಳದ ಓಟಗಾರನಿಗೆ ದಾರಿ ಒಂದೇ. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಬಿಟ್ಟರೆ ಕೊನೆಯ ಮಂಜೊಟ್ಟಿ ಮುಟ್ಟುವವರೆಗೆ ನಿಲ್ಲುವ ಮಾತಿಲ್ಲ, ತಿರುಗುವ ಮಾತಿಲ್ಲ, ಪಕ್ಕದ ಕರೆಯವನು ಅಡ್ಡ ಬರುವ ಭಯವಿಲ್ಲ. ನಾನು ಹೇಳಹೊರಟಿರುವುದು ಇದಕ್ಕೆ ತೀರಾ ಬೇರೆಯಾದ ಒಂದು ಓಟದ ವಿಷಯ. ಅದರಲ್ಲಿ ನಾಲ್ಕು ಮೂಲೆಗಳಿವೆ. ಪ್ರತಿ ಮೂಲೆಯಲ್ಲೂ ಓಡಬೇಕೋ ನಿಲ್ಲಬೇಕೋ ಎಂದು ಓಡುವವರೇ ತೀರ್ಮಾನಿಸಬೇಕು. ಎಷ್ಟೋ ಸಲ ಚೆನ್ನಾಗಿ ನಿಂತವರೇ ಗೆಲ್ಲುತ್ತಾರೆ. ಅದು ಮಕ್ಕಳ ಸಾಫ್ಟ್‌ಬಾಲಿನಲ್ಲಿ ಬೇಸಿನಿಂದ ಬೇಸಿಗೆ ಓಡುವ ಓಟ.

ಶಾಲಾ ಕ್ರೀಡಾ ಫೆಡರೇಷನ್ನಿನ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ. ದೇಶದಲ್ಲಿ ಈ ಆಟಕ್ಕೊಂದು ಸಂಘ ಹುಟ್ಟಿದ್ದು 1961ರಲ್ಲಿ. ಆದರೂ ನಮ್ಮ ವಲಯ ಮಟ್ಟದ ಕ್ರೀಡಾಕೂಟಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್, ತ್ರೋಬಾಲ್‌ಗೆ ಸೇರುವ ಜನ ಇದಕ್ಕೆ ಸೇರುವುದಿಲ್ಲ. ನೋಡಿದವರೂ ಅರ್ಧಕ್ಕೇ ಎದ್ದು ಹೋಗುತ್ತಾರೆ. ಚೆಂಡು ಹೊಡೆದದ್ದು ಕಾಣುತ್ತದೆ, ಹಿಡಿದದ್ದು ಕಾಣುತ್ತದೆ. ಒಬ್ಬಳು ಓಡಿದ್ದೂ ಇನ್ನೊಬ್ಬಳು ಓಡದೆ ನಿಂತದ್ದೂ ಯಾಕೆಂದು ಗೊತ್ತಾಗುವುದಿಲ್ಲ. ಯಾರೂ ಮುಟ್ಟದೆಯೇ ಒಬ್ಬಳು ಔಟ್, ಮುಟ್ಟಿದರೂ ಇನ್ನೊಬ್ಬಳು ಔಟಲ್ಲ. ಆಟದ ರುಚಿಯೆಲ್ಲ ಇರುವುದು ಈ ಓಟದ ನಿಯಮಗಳಲ್ಲೇ. ಅದು ತಿಳಿಯದವರಿಗೆ ಸಾಫ್ಟ್‌ಬಾಲ್ ಎಂದರೆ ಅರೆಬರೆ ಕ್ರಿಕೆಟ್ಟಿನಂತೆ ಕಾಣುತ್ತದೆ.

ಮೊದಲು ಅಂಗಳದ ಅಳತೆ. ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ, ಅಂದರೆ 18.29 ಮೀಟರ್. ನಾಲ್ಕೂ ಬೇಸ್ ಸುತ್ತಿ ಹೊರಟ ಜಾಗವಾದ ಹೋಮ್ ಪ್ಲೇಟ್ ಮುಟ್ಟಿದರೆ 73 ಮೀಟರಿಗೆ ಸ್ವಲ್ಪ ಹೆಚ್ಚು, ನಮ್ಮ ಒಂದು ಕರೆಯ ಅರ್ಧದಷ್ಟು ದೂರ. ಅಮೆರಿಕದಲ್ಲಿ ಹತ್ತು ವರ್ಷದೊಳಗಿನ ಹುಡುಗಿಯರಿಗೆ ಪಿಚರ್ ಚೆಂಡೆಸೆಯುವುದು 35 ಅಡಿಯಿಂದ. ದೊಡ್ಡ ಹೆಂಗಸರಿಗೆ 43 ಅಡಿಯಿಂದ. ಪ್ರಾಯಕ್ಕೆ ತಕ್ಕಂತೆ ಪಿಚರ್ ಹಿಂದೆ ಸರಿಯುತ್ತಾಳೆ, ಆದರೆ ಬೇಸುಗಳ ನಡುವಿನ ದೂರ ಬದಲಾಗುವುದಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿಯೂ ಒಲಿಂಪಿಕ್ಸ್ ಆಡುವವಳೂ ಓಡುವುದು ಅದೇ 60 ಅಡಿ. ಸಣ್ಣ ಕಾಲುಗಳಿಗೆ ಆ ದೂರ ಉದ್ದ. ಆದ್ದರಿಂದಲೇ ಯಾವಾಗ ಹೊರಡಬೇಕು ಎಂಬ ತಿಳಿವಳಿಕೆ ದೊಡ್ಡವರಿಗಿಂತ ಸಣ್ಣವರಿಗೆ ಹೆಚ್ಚು ಬೇಕು.

ಈ ಆಟ ಹುಟ್ಟಿದ್ದು ಬಯಲಿನಲ್ಲಿ ಅಲ್ಲ, ಮಾಡಿನ ಕೆಳಗೆ. 1887ರ ನವೆಂಬರಿನಲ್ಲಿ ಷಿಕಾಗೋದ ಫರಾಗಟ್ ಬೋಟ್ ಕ್ಲಬ್ಬಿನಲ್ಲಿ ಒಂದಷ್ಟು ಗೆಳೆಯರು ಬೇರೊಂದು ಊರಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರಂತೆ. ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಕೋಲಿನಿಂದ ಹೊಡೆದ. ಅಲ್ಲಿದ್ದ ಜಾರ್ಜ್ ಹ್ಯಾನ್ಕಾಕ್ ಎಂಬವರು ಗ್ಲೌಸನ್ನು ಉಂಡೆ ಕಟ್ಟಿ, ನೆಲದ ಮೇಲೆ ಗೆರೆ ಎಳೆದು, ಆಟಕ್ಕೊಂದು ರೂಪ ಕೊಟ್ಟರು. 1895ರಲ್ಲಿ ಮಿನಿಯಾಪೊಲಿಸ್‌ನ ಅಗ್ನಿಶಾಮಕ ದಳದ ಲೂಯಿಸ್ ರೋಬರ್ ಅದನ್ನು ತನ್ನ ಸಿಬ್ಬಂದಿಗೆ ಹೊರಗಡೆ ಆಡಿಸಿದರು. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು 1926ರಲ್ಲಿ. 1996ರಲ್ಲಿ ಅಟ್ಲಾಂಟಾದಲ್ಲಿ ಹೆಂಗಸರ ಆಟವಾಗಿ ಒಲಿಂಪಿಕ್ಸ್ ಸೇರಿತು, ನಡುವೆ ಬಿಟ್ಟುಹೋಯಿತು, ಟೋಕಿಯೋದಲ್ಲಿ ಒಮ್ಮೆ ಬಂತು, 2028ರಲ್ಲಿ ಲಾಸ್ ಏಂಜಲೀಸಿಗೆ ಮತ್ತೆ ಬರಲಿದೆ. ಷಿಕಾಗೋದಲ್ಲಿ ಮಾಡಿನ ಕೆಳಗೆ ಕೂತವರು ಕಟ್ಟಿದ ಆಟ ನಮ್ಮ ಮಳೆಗಾಲಕ್ಕೂ ಹೊಂದುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ಚಾವಡಿಯಲ್ಲಿ.

ತಂಗಿಯ ಸಂಸಾರ ಅಮೆರಿಕದಲ್ಲಿದೆ. ಅವಳ ಮಗಳಿಗೆ ಶಾಲೆಯ ದೊಡ್ಡ ರಜೆ ಬರುವುದು ಜೂನ್, ಜುಲೈಯಲ್ಲಿ, ನಮ್ಮಲ್ಲಿ ಮಳೆ ಬಿಡದೆ ಹೊಡೆಯುವ ಕಾಲದಲ್ಲಿ. ಜಿಲ್ಲಾಧಿಕಾರಿಯವರು ಮಳೆಗೆ ರಜೆ ಕೊಟ್ಟ ಒಂದು ದಿನ ನೆರೆಕರೆಯ ಮಕ್ಕಳೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ರಜೆಗೆ ಊರಿಗೆ ಬಂದಿದ್ದ ತಂಗಿಯ ಮಗಳು ಅಮೆರಿಕದಲ್ಲಿ ತಂಡ ಕಟ್ಟಿ ಸಾಫ್ಟ್‌ಬಾಲ್ ಆಡುವವಳು. ಹಳೆಯ ಕಾಲುಚೀಲಕ್ಕೆ ಬಟ್ಟೆ ತುಂಬಿ ಹೊಲಿದು ಚೆಂಡು ಮಾಡಿದಳು. ಚಾವಡಿಯ ನಾಲ್ಕು ಕಂಬಗಳೇ ನಾಲ್ಕು ಬೇಸ್. ಹೋಮ್ ಕಂಬದ ಹತ್ತಿರ ನನ್ನ ಅಮ್ಮ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು.

ಮೊದಲ ಹೊಡೆತಕ್ಕೇ ಜಗಳ. ಪಕ್ಕದ ಮನೆಯ ಹುಡುಗ ಚೆಂಡನ್ನು ಮೆಲ್ಲನೆ ತಟ್ಟಿ, ಕೋಲು ಹಿಡಿದುಕೊಂಡು ಅಲ್ಲೇ ನಿಂತ.

"ಓಡು! ಓಡ್ಲೇಬೇಕು!" ಎಂದಳು ಇವಳು.

"ಯಾಕೆ? ಬಾಲ್ ಇಲ್ಲೇ ಉಂಟಲ್ಲ, ಓಡಿದ್ರೆ ಔಟ್ ಆಗ್ತೇನೆ."

ಅವನ ಮಾತಿನಲ್ಲಿ ಕ್ರಿಕೆಟ್ಟಿನ ನ್ಯಾಯವಿತ್ತು. ಕ್ರಿಕೆಟ್ಟಿನಲ್ಲಿ ಓಡುವುದು ಬಿಡುವುದು ಬ್ಯಾಟರ್‌ನ ಇಷ್ಟ. ಇಡೀ ದಿನ ಚೆಂಡು ತಡೆದು ನಿಂತವನನ್ನು ನಾವು ಹೊಗಳುತ್ತೇವೆ. ಸಾಫ್ಟ್‌ಬಾಲಿನಲ್ಲಿ ಚೆಂಡು ಗೆರೆಯೊಳಗೆ ಬಿದ್ದ ಮೇಲೆ ನಿಲ್ಲುವ ಹಕ್ಕಿಲ್ಲ. ಕೋಲು ಬಿಟ್ಟು ಮೊದಲ ಬೇಸಿಗೆ ಓಡಲೇಬೇಕು. ಅವನಿಗಿಂತ ಮುಂಚೆ ಚೆಂಡು ಆ ಬೇಸಿಗೆ ತಲುಪಿ, ಅಲ್ಲಿದ್ದ ಫೀಲ್ಡರ್ ಅದನ್ನು ಹಿಡಿದು ಬೇಸ್ ತುಳಿದರೆ ಅವನು ಔಟ್, ಮೈ ಮುಟ್ಟುವುದೂ ಬೇಡ. ಕ್ರಿಕೆಟ್ ಆಡಿ ಬೆಳೆದ ಮಗುವಿಗೆ ಇದು ಬಹಳ ಅನ್ಯಾಯವಾಗಿ ಕಾಣುತ್ತದೆ. ಆದರೆ ಇಲ್ಲಿ ಒಂಬತ್ತು ಜನರೂ ಸರದಿಯಲ್ಲಿ ಬಂದು ಹೊಡೆಯಬೇಕು, ಏಳು ಇನ್ನಿಂಗ್ಸಿನಲ್ಲಿ ಆಟ ಮುಗಿಯಬೇಕು. ಒಬ್ಬಳು ನಿಂತುಬಿಟ್ಟರೆ ಹಿಂದೆ ಕಾಯುವವಳಿಗೆ ಸರದಿ ಬರುವುದಿಲ್ಲ.

ಈ ಓಡಲೇಬೇಕು ಎಂಬುದರಿಂದ ಹುಟ್ಟಿದ್ದೇ ಫೋರ್ಸ್ ಎಂಬ ನಿಯಮ. ಮಕ್ಕಳಿಗೂ ದೊಡ್ಡವರಿಗೂ ತಲೆಗೆ ಹತ್ತದೆ ಸತಾಯಿಸುವುದು ಇದೇ. ಮೂಡುಬಿದಿರೆ ಕಡೆಯ ಖಾಸಗಿ ಬಸ್ಸಿನಲ್ಲಿ ಬೆಳಿಗ್ಗೆ ನಿಂತು ಪ್ರಯಾಣ ಮಾಡಿದವರಿಗೆ ಇದನ್ನು ಹೇಳಿಕೊಡುವುದು ಸುಲಭ. ಹಿಂದಿನ ಬಾಗಿಲಿನಲ್ಲಿ ಹೊಸಬರು ಹತ್ತಿದರೆ ಕಂಡಕ್ಟರು "ದುಂಬು ಪೋಲೆ, ದುಂಬು ಪೋಲೆ" ಎನ್ನುತ್ತಾನೆ. ನಿಂತವರು ಒಂದು ಹೆಜ್ಜೆ ಮುಂದೆ ಹೋಗಲೇಬೇಕು. ಹತ್ತುವವರಿಲ್ಲದಿದ್ದರೆ ನಿಂತಲ್ಲೇ ನಿಲ್ಲಬಹುದು. ಹತ್ತಲು ಬಂದವನು ಮೆಟ್ಟಿಲಿನಿಂದಲೇ ಇಳಿದುಹೋದರೆ, ಮುಂದೆ ಸರಿಯಲು ಹೊರಟವನೂ ಹಿಂದಿನ ಜಾಗಕ್ಕೆ ಬರಬಹುದು. ಫೋರ್ಸ್ ಅಂದರೆ ಅಷ್ಟೇ. ಬ್ಯಾಟರ್ ಮೊದಲ ಬೇಸಿಗೆ ಬರುತ್ತಿದ್ದಾಳೆ ಎಂದರೆ ಅಲ್ಲಿದ್ದವಳು ಎರಡಕ್ಕೆ ಹೋಗಲೇಬೇಕು, ಎರಡರಲ್ಲಿದ್ದವಳು ಮೂರಕ್ಕೆ. ಹೀಗೆ ಒತ್ತಾಯಕ್ಕೆ ಹೊರಟವಳನ್ನು ಔಟ್ ಮಾಡಲು ಚೆಂಡು ಹಿಡಿದು ಮುಂದಿನ ಬೇಸ್ ತುಳಿದರೆ ಸಾಕು. ಮೊದಲ ಬೇಸ್ ಖಾಲಿಯಿದ್ದು, ಎರಡರಲ್ಲಿ ಒಬ್ಬಳೇ ಇದ್ದರೆ ಅವಳಿಗೆ ಒತ್ತಾಯವಿಲ್ಲ. ಅವಳು ಹೊರಟರೆ ಚೆಂಡಿರುವ ಕೈಯಿಂದ ಅವಳನ್ನು ಮುಟ್ಟಿಯೇ ಔಟ್ ಮಾಡಬೇಕು. ಬ್ಯಾಟರನ್ನೇ ಮೊದಲು ಔಟ್ ಮಾಡಿಬಿಟ್ಟರೆ ಮುಂದಿನವಳ ಒತ್ತಾಯವೂ ಆ ಕ್ಷಣಕ್ಕೆ ಹೋಯಿತು. ಇನ್ನು ಅವಳನ್ನೂ ಮುಟ್ಟಬೇಕು.

ಅಮ್ಮನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಅವರು ಚಿಕ್ಕವರಿದ್ದಾಗ ಇದೇ ಕಂಬಗಳ ನಡುವೆ ಕಂಬದಾಟ ಆಡಿದವರು. ನಾಲ್ಕು ಕಂಬಕ್ಕೆ ನಾಲ್ವರು, ನಡುವೆ ಕಂಬವಿಲ್ಲದ ಒಬ್ಬಳು. ಕಂಬ ಬದಲಿಸುವಾಗ ನಡುವಿನವಳು ಖಾಲಿ ಕಂಬ ಹಿಡಿದರೆ, ಹಿಡಿಯಲಾಗದವಳು ನಡುವಿಗೆ. "ಒಂದು ಕಂಬಕ್ಕೆ ಇಬ್ಬರು ಆಗುವುದಿಲ್ಲ ಅಂತ, ಅಲ್ಲವಾ?" ಎಂದು ಮೊಮ್ಮಗಳನ್ನು ಕೇಳಿದರು.

"ಆಗೋದಿಲ್ಲ ಅಜ್ಜಿ. ಇಬ್ಬರು ಬಂದ್ರೆ, ಫೋರ್ಸ್ ಇಲ್ಲದಿದ್ರೆ, ಮೊದಲು ಬಂದವಳಿಗೇ ಬೇಸ್. ಹಿಂದಿನಿಂದ ಬಂದವಳನ್ನು ಬಾಲಿಂದ ಮುಟ್ಟಿದ್ರೆ ಅವಳು ಔಟ್."

"ಸರಿ ಉಂಟು. ಮೊದಲು ಬಂದವಳದ್ದು ಅಲ್ಲವಾ ಜಾಗ."

ಆಮೇಲೆ ಅಮ್ಮ ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಕೇಳತೊಡಗಿದರು: "ಆ ರೂಲು ಯಾರಿಗೋಸ್ಕರ?" ಮೊಮ್ಮಗಳು ಒಮ್ಮೊಮ್ಮೆ ತಡೆದು, ಯೋಚಿಸಿ ಉತ್ತರ ಹೇಳುತ್ತಿದ್ದಳು. ಉತ್ತರ ಸಿಕ್ಕಿದ ನಿಯಮ ಸುತ್ತ ಕೂತಿದ್ದ ಮಕ್ಕಳಿಗೆ ಆ ಕೂಡಲೇ ಹೊಂದಿಕೊಳ್ಳುತ್ತಿತ್ತು, ಮತ್ತೆ ಜಗಳವಾಗುತ್ತಿರಲಿಲ್ಲ. ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಅದು ಯಾರನ್ನು ಯಾರಿಂದ ಕಾಯುತ್ತದೆ ಎಂದು ತೋರಿಸುವುದು ಮೇಲು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಕ್ಯಾಚಿನ ನಿಯಮವನ್ನೇ ನೋಡಿ. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಆ ಎಸೆತದ ಕತೆ ಮುಗಿಯಿತು, ರನ್ ಇಲ್ಲ. ಸಾಫ್ಟ್‌ಬಾಲಿನಲ್ಲಿ ಬ್ಯಾಟರ್ ಔಟ್ ಆದರೂ ಚೆಂಡಿಗೆ ಜೀವ ಇರುತ್ತದೆ. ಬೇಸಿನ ಮೇಲಿದ್ದವಳು ಚೆಂಡು ಫೀಲ್ಡರ್ ಕೈಗೆ ತಾಗುವವರೆಗೆ ಕಾಲು ಬೇಸಿಗೆ ಇಟ್ಟು ಕಾಯಬೇಕು, ತಾಗಿದ ಕ್ಷಣಕ್ಕೆ ಹೊರಡಬಹುದು. ಮೊದಲೇ ಹೊರಟಿದ್ದರೆ ವಾಪಸು ಬಂದು ಬೇಸ್ ಮುಟ್ಟಿ ಹೋಗಬೇಕು. ಇದಕ್ಕೆ ಟ್ಯಾಗ್ ಅಪ್ ಎನ್ನುತ್ತಾರೆ. ಯಾರಿಗೋಸ್ಕರ? ಎತ್ತರದ ಚೆಂಡು ಗಾಳಿಯಲ್ಲಿ ಇರುವಷ್ಟು ಹೊತ್ತು ರನ್ನರ್ ಪುಕ್ಕಟೆಯಾಗಿ ಓಡಿದರೆ, ಹಿಂದೆ ಓಡಿ ಕಷ್ಟಪಟ್ಟು ಹಿಡಿದ ಫೀಲ್ಡರ್‌ಗೆ ಏನು ಸಿಕ್ಕಿತು? ಹಿಡಿದ ನಂತರವೂ ಓಡಲೇಬಾರದು ಎಂದರೆ, ದೂರಕ್ಕೆ ಹೊಡೆದವಳ ಹೊಡೆತಕ್ಕೆ ಏನು ಬೆಲೆ? ನಿಯಮ ಇಬ್ಬರಿಗೂ ಪಾಲು ಕೊಟ್ಟಿದೆ. ಕ್ಯಾಚ್ ನಿನ್ನದು, ದೂರ ನನ್ನದು.

ಬೇಗ ಹೊರಡುವುದರ ಕಟ್ಟಳೆಯೂ ಹೀಗೆಯೇ. ಬೇಸ್‌ಬಾಲಿನಲ್ಲಿ ರನ್ನರ್ ಪಿಚರ್ ಎಸೆಯುವ ಮೊದಲೇ ನಾಲ್ಕಾರು ಹೆಜ್ಜೆ ಮುಂದೆ ಹೋಗಿ ನಿಲ್ಲಬಹುದು. ಸಾಫ್ಟ್‌ಬಾಲಿನ ಅಂಗಳ ಚಿಕ್ಕದು, ಅಷ್ಟು ಸಲಿಗೆ ಕೊಟ್ಟರೆ ಮುಂದಿನ ಬೇಸ್ ಸಿಕ್ಕಿದ ಹಾಗೆಯೇ. ಅದಕ್ಕೆ ಚೆಂಡು ಪಿಚರ್‌ನ ಕೈ ಬಿಡುವವರೆಗೆ ಕಾಲು ಬೇಸ್ ಬಿಡುವಂತಿಲ್ಲ. ಬಿಟ್ಟರೆ ಅಂಪೈರ್ ತಾನಾಗಿಯೇ ಔಟ್ ಕೊಡುತ್ತಾರೆ. ಸಣ್ಣ ಮಕ್ಕಳಿಗೆ ಬೇಸ್ ಕದಿಯುವ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡುವ ಓಟವನ್ನೇ ಬೇಡವೆಂದ ಲೀಗುಗಳೂ ಇವೆ. ಕ್ರಿಕೆಟ್ಟಿನಲ್ಲಿ ಇದೇ ವಿಷಯ ಎಷ್ಟು ಮನಸ್ತಾಪಕ್ಕೆ ದಾರಿ ಮಾಡಿತು ಎಂಬುದು ನಮಗೆ ಗೊತ್ತೇ ಇದೆ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟಿನಲ್ಲಿ ನಮ್ಮ ವಿನೂ ಮಂಕಡ್ ಅವರು, ಬೌಲರ್ ತುದಿಯಲ್ಲಿ ಬೇಗ ಕ್ರೀಸ್ ಬಿಟ್ಟ ಬಿಲ್ ಬ್ರೌನ್ ಅವರನ್ನು ರನ್ ಔಟ್ ಮಾಡಿದರು. ನಿಯಮದ ಪ್ರಕಾರ ಸರಿಯಾದದ್ದನ್ನೇ ಮಾಡಿದ ದೊಡ್ಡ ಆಟಗಾರನ ಹೆಸರಿಗೆ ಆ ಒಂದು ವಿಕೆಟ್ ದಶಕಗಟ್ಟಲೆ ಅಂಟಿಕೊಂಡಿತು. ಕ್ರಿಕೆಟ್ ಆ ಔಟನ್ನು 'ಅನುಚಿತ ಆಟ'ದ ಅಧ್ಯಾಯದಿಂದ ಸಾಮಾನ್ಯ ರನ್ ಔಟ್ ಅಧ್ಯಾಯಕ್ಕೆ ಸಾಗಿಸಿದ್ದು 2022ರಲ್ಲಿ. ಬೇಗ ಹೊರಟವರನ್ನು ಹಿಡಿಯುವ ಕೆಲಸವನ್ನು ಎದುರಾಳಿಯ ಮೇಲೆ ಹೊರಿಸದೆ ಅಂಪೈರಿಗೇ ಕೊಟ್ಟ ಸಾಫ್ಟ್‌ಬಾಲಿನ ಬುದ್ಧಿವಂತಿಕೆ ನನಗೆ ಬಹಳ ಇಷ್ಟ. ಮಕ್ಕಳ ಆಟದಲ್ಲಿ ಅದು ಇನ್ನೂ ಅಗತ್ಯ.

ಎಸೆತ ಮುಗಿದು ಚೆಂಡು ಪಿಚರ್ ಕೈಗೆ ವಾಪಸು ಬಂದ ಮೇಲಿನ ಮಾತು ಬೇರೆ. ಅವಳ ಸುತ್ತ 8 ಅಡಿ ತ್ರಿಜ್ಯದ ಒಂದು ವೃತ್ತ ಎಳೆದಿರುತ್ತಾರೆ. ಅದರೊಳಗೆ ಅವಳು ಚೆಂಡು ಹಿಡಿದು ನಿಂತಳೆಂದರೆ, ಬೇಸಿನಿಂದ ಹೊರಗಿರುವ ರನ್ನರ್ ತಕ್ಷಣ ಮುಂದೆ ಓಡಬೇಕು ಅಥವಾ ಹಿಂದೆ ಬರಬೇಕು. ನಡುವೆ ಕುಣಿಯುತ್ತಾ ಆಟವಾಡಿಸಿದರೆ ಔಟ್. ಇದು ಪಿಚರ್‌ಗೋಸ್ಕರ, ಆಟದ ಸಮಯಕ್ಕೋಸ್ಕರ.

ರನ್ನರ್‌ಗೋಸ್ಕರವೇ ಇರುವ ನಿಯಮ ಒಂದಿದೆ, ಅದರ ಹೆಸರು ಇನ್‌ಫೀಲ್ಡ್ ಫ್ಲೈ. ಮೊದಲ ಮತ್ತು ಎರಡನೇ ಬೇಸಿನಲ್ಲಿ ಇಬ್ಬರಿದ್ದಾರೆ, ಇನ್ನೂ ಎರಡು ಔಟ್ ಆಗಿಲ್ಲ. ಬ್ಯಾಟರ್ ಹೊಡೆದ ಚೆಂಡು ಅಲ್ಲೇ ಮೇಲಕ್ಕೆ ಹೋಗಿ ಒಳಗಿನ ಫೀಲ್ಡರ್ ತಲೆಯ ಮೇಲೆ ಬರುತ್ತಿದೆ. ರನ್ನರುಗಳು ಕ್ಯಾಚ್ ಆಗುತ್ತದೆಂದು ಬೇಸಿನ ಹತ್ತಿರವೇ ಕಾಯುತ್ತಾರೆ. ಫೀಲ್ಡರ್ ಬೇಕೆಂದೇ ಚೆಂಡನ್ನು ಕೆಳಗೆ ಬಿಟ್ಟರೆ? ಥಟ್ಟನೆ ಫೋರ್ಸ್ ಶುರುವಾಗಿ, ನಿಂತಿದ್ದ ಇಬ್ಬರೂ ಔಟ್. ಓಡಿದ್ದರೆ ಹಿಡಿದು ಔಟ್ ಮಾಡುತ್ತಿದ್ದರು. ಹೇಗೆ ಮಾಡಿದರೂ ರನ್ನರ್‌ಗೆ ನಷ್ಟ. ಬೇಸ್‌ಬಾಲ್ ಆಡುವವರು ಈ ಮೋಸವನ್ನು ಕಂಡು 1890ರ ದಶಕದಲ್ಲೇ ಬಾಗಿಲು ಹಾಕಿದರು. ಸಾಫ್ಟ್‌ಬಾಲಿಗೂ ಅದು ಬಂತು. ಅಂಪೈರ್ ಚೆಂಡು ಗಾಳಿಯಲ್ಲಿರುವಾಗಲೇ ಕೈಯೆತ್ತಿ ಬ್ಯಾಟರ್ ಔಟ್ ಎಂದು ಕೂಗುತ್ತಾರೆ. ಹಿಡಿಯಲಿ, ಬಿಡಲಿ, ಔಟ್ ಒಂದೇ. ರನ್ನರುಗಳಿಗೆ ಒತ್ತಾಯವಿಲ್ಲ. ಅಮ್ಮ ಇದನ್ನು ಕೇಳಿ ಬೀಡಿ ಕಟ್ಟುವ ಕೈ ನಿಲ್ಲಿಸಿ, "ಅದು ಒಳ್ಳೆಯ ರೂಲು" ಎಂದರು.

ನಮ್ಮ ಖೋ ಖೋ ಆಟದಲ್ಲೂ ಇಂಥ ನ್ಯಾಯವೇ ಇದೆ. ಒಂಬತ್ತು ಜನ ಬೆನ್ನಟ್ಟುವವರು, ಅವರ ಎದುರು ಸರದಿಗೆ ಮೂವರು ಓಡುವವರು. ಲೆಕ್ಕ ನೋಡಿದರೆ ಓಡುವವರಿಗೆ ಉಳಿಗಾಲವಿಲ್ಲ. ಅದಕ್ಕೆ ಬೆನ್ನಟ್ಟುವವರ ಕಾಲಿಗೆ ನಿಯಮ ಕಟ್ಟಿದ್ದಾರೆ. ಎದ್ದವಳು ನಡುಗೆರೆ ದಾಟುವಂತಿಲ್ಲ, ಒಂದು ದಿಕ್ಕು ಹಿಡಿದರೆ ಕಂಬ ಸುತ್ತುವವರೆಗೆ ತಿರುಗುವಂತಿಲ್ಲ, ಖೋ ಕೊಡುವುದಾದರೆ ಹಿಂದಿನಿಂದಲೇ ಕೊಡಬೇಕು, ಕೊಡುವ ಮೊದಲೇ ಕೂತವಳು ಏಳುವಂತಿಲ್ಲ. ಓಡುವವಳಿಗೆ ಮಾತ್ರ ಕೂತವರ ನಡುವೆ ಎತ್ತ ಬೇಕಾದರೂ ನುಸುಳುವ ಸ್ವಾತಂತ್ರ್ಯ. ಒಂದು ಕಡೆ ಜನಬಲ, ಇನ್ನೊಂದು ಕಡೆ ದಾರಿಯ ಬಲ. ಹಾಗೆ ತೂಗಿದ್ದರಿಂದಲೇ ಆ ಆಟಕ್ಕೆ ಅಷ್ಟು ಚೆಂದ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಗಂಡಸರೂ ಹೆಂಗಸರೂ ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ಖೋ ಖೋ ಬಲ್ಲ ಮಗುವಿಗೆ ಸಾಫ್ಟ್‌ಬಾಲಿನ ಬೇಸ್ ಓಟ ಹೊಸದೇನಲ್ಲ. ನಿಲ್ಲಬೇಕಾದಲ್ಲಿ ಕೂತು ಕಾಯುವುದು, ಕರೆ ಬಂದ ಕ್ಷಣಕ್ಕೆ ಏಳುವುದು ಅದಕ್ಕೆ ಮೊದಲೇ ರೂಢಿ.

ದಾರಿ ಯಾರದು ಎಂಬ ಪ್ರಶ್ನೆಗೆ ಸಾಫ್ಟ್‌ಬಾಲ್ ಕೊಟ್ಟ ಉತ್ತರ ಸ್ಪಷ್ಟ. ಹೊಡೆದ ಚೆಂಡನ್ನು ಹಿಡಿಯಲು ಹೊರಟ ಫೀಲ್ಡರ್‌ಗೆ ರನ್ನರ್ ದಾರಿ ಬಿಡಬೇಕು, ಡಿಕ್ಕಿ ಹೊಡೆದರೆ ರನ್ನರ್ ಔಟ್. ಕೈಯಲ್ಲಿ ಚೆಂಡಿಲ್ಲದ, ಚೆಂಡು ಹಿಡಿಯುವ ಕೆಲಸವೂ ಇಲ್ಲದ ಫೀಲ್ಡರ್ ಮಾತ್ರ ರನ್ನರ್‌ಗೆ ಅಡ್ಡ ನಿಲ್ಲಬಾರದು; ನಿಂತರೆ, ಅಡ್ಡಿಯಿಲ್ಲದಿದ್ದರೆ ರನ್ನರ್ ತಲುಪುತ್ತಿದ್ದ ಬೇಸನ್ನು ಅಂಪೈರ್ ಅವಳಿಗೆ ಕೊಡುತ್ತಾರೆ. ಮುಟ್ಟಲು ಬಂದವಳಿಂದ ತಪ್ಪಿಸಿಕೊಳ್ಳಲು ರನ್ನರ್ ತನ್ನ ದಾರಿಯಿಂದ 3 ಅಡಿಗಿಂತ ಹೆಚ್ಚು ಬದಿಗೆ ಓಡಿದರೂ ಔಟ್. ಮೊದಲ ಬೇಸಿನಲ್ಲಿ ಡಿಕ್ಕಿಯ ಭಯ ಹೆಚ್ಚು. ಅದಕ್ಕೆ ಅಲ್ಲಿ ಜೋಡಿ ಬೇಸ್ ಇಡುತ್ತಾರೆ; ಬಿಳಿ ಅರ್ಧ ಫೀಲ್ಡರ್‌ಗೆ, ಗೆರೆಯಾಚೆಯ ಕಿತ್ತಳೆ ಅರ್ಧ ಓಡಿ ಬರುವವಳಿಗೆ. ಆ ಬೇಸನ್ನು ಮುಟ್ಟಿ ಮುಂದಕ್ಕೆ ಓಡಿಹೋದರೂ ತೊಂದರೆಯಿಲ್ಲ. ಎರಡನೆಯದಕ್ಕೆ ಹೋಗುವ ಪ್ರಯತ್ನ ಮಾಡದೆ ನೇರ ವಾಪಸು ಬಂದರೆ ಯಾರೂ ಮುಟ್ಟಿ ಔಟ್ ಮಾಡುವಂತಿಲ್ಲ. ನಮ್ಮ ಮುರಕಲ್ಲಿನ ಮೈದಾನಗಳಲ್ಲಿ ಈ ನಿಯಮದ ಬೆಲೆ ಇನ್ನೂ ಹೆಚ್ಚು. ಬೇಸಿನ ಮುಂದೆ ಜಾರಿ ಬೀಳುವ ಅಗತ್ಯ ಮೊದಲ ಬೇಸಿನಲ್ಲಿ ಇಲ್ಲ ಎಂದು ಗೊತ್ತಿದ್ದರೆ ಎಷ್ಟೋ ಮೊಣಕಾಲುಗಳ ಚರ್ಮ ಉಳಿಯುತ್ತದೆ.

ತಿಳಿವಳಿಕೆ ಸಾಲದೆ ಹೋದರೆ ಆಟ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಬೇಸ್‌ಬಾಲಿನಲ್ಲಿ ಒಂದು ಪ್ರಸಂಗವಿದೆ. 1908ರ ಸೆಪ್ಟೆಂಬರ್ 23. ನ್ಯೂಯಾರ್ಕ್ ಜೈಂಟ್ಸ್ ತಂಡದ ಫ್ರೆಡ್ ಮರ್ಕಲ್‌ಗೆ 19 ವರ್ಷ. ಷಿಕಾಗೋ ಕಬ್ಸ್ ಎದುರಿನ ಪಂದ್ಯ ಸಮಬಲ, ಕೊನೆಯ ಇನ್ನಿಂಗ್ಸ್, ಎರಡು ಔಟ್ ಆಗಿದೆ. ಮರ್ಕಲ್ ಮೊದಲ ಬೇಸಿನಲ್ಲಿ, ಇನ್ನೊಬ್ಬ ಮೂರನೆಯದರಲ್ಲಿ. ಬ್ಯಾಟರ್ ಚೆನ್ನಾಗಿ ಹೊಡೆದ, ಮೂರನೆಯ ಬೇಸಿನವನು ಹೋಮ್ ಪ್ಲೇಟ್ ಮುಟ್ಟಿದ, ಗೆದ್ದೆವೆಂದು ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಎರಡನೇ ಬೇಸ್ ಮುಟ್ಟದೆ ಅರ್ಧದಿಂದಲೇ ತಿರುಗಿ ಹೊರಗೆ ನಡೆದ; ಆಗಿನ ಆಟಗಾರರು ಹಾಗೆ ಹೋಗುವುದು ವಾಡಿಕೆಯಾಗಿತ್ತು. ಕಬ್ಸ್‌ನ ಜಾನಿ ಎವರ್ಸ್ ಚೆಂಡು ತರಿಸಿ ಎರಡನೇ ಬೇಸ್ ತುಳಿದ. ಅದು ಫೋರ್ಸ್, ಅದೇ ಇನ್ನಿಂಗ್ಸ್ ಮುಗಿಸುವ ಮೂರನೇ ಔಟ್. ಮೂರನೇ ಔಟ್ ಫೋರ್ಸಿನಿಂದ ಆದರೆ, ಅದಕ್ಕಿಂತ ಮುಂಚೆ ಹೋಮ್ ಪ್ಲೇಟ್ ಮುಟ್ಟಿದವನ ರನ್ನೂ ಲೆಕ್ಕಕ್ಕಿಲ್ಲ. ಪಂದ್ಯ ಸಮವಾಗಿಯೇ ಉಳಿಯಿತು, ಮತ್ತೆ ಆಡಬೇಕಾಯಿತು, ಜೈಂಟ್ಸ್ ಸೋತರು, ಆ ವರ್ಷದ ಪಟ್ಟವೂ ಹೋಯಿತು. ಆಮೇಲೆ ವರ್ಷಗಟ್ಟಲೆ ಚೆನ್ನಾಗಿ ಆಡಿದರೂ ಮರ್ಕಲ್ ಹೆಸರು ಹೇಳಿದಾಗ ಜನ ನೆನೆದದ್ದು ಆ ಮುಟ್ಟದ ಬೇಸನ್ನು. ದೊಡ್ಡವರೆಲ್ಲ ರೂಢಿಯಲ್ಲಿ ಬಿಟ್ಟಿದ್ದ ನಿಯಮದ ಭಾರವನ್ನು ಒಬ್ಬ ಹುಡುಗನ ಹೆಗಲಿಗೆ ಹೊರಿಸಿದ್ದು ನನಗೆ ಇಂದಿಗೂ ನೋವಿನ ವಿಷಯ. ನಿಯಮದ ಕಾರಣ ಹೇಳಿಕೊಡದೆ ಮಕ್ಕಳನ್ನು ಅಂಕಣಕ್ಕೆ ಇಳಿಸುವ ಎಲ್ಲ ಹಿರಿಯರೂ ಈ ಕತೆಯನ್ನು ಒಮ್ಮೆ ಓದಬೇಕು.

ಹೇಳಿಕೊಡುವುದಕ್ಕೆ ಸಾಫ್ಟ್‌ಬಾಲಿನಲ್ಲಿ ಜಾಗವನ್ನೇ ಇಟ್ಟಿದ್ದಾರೆ. ಮೊದಲ ಬೇಸಿನ ಹತ್ತಿರ ಒಬ್ಬರು, ಮೂರನೆಯದರ ಹತ್ತಿರ ಇನ್ನೊಬ್ಬರು, ಹೊಡೆಯುವ ತಂಡದ ಇಬ್ಬರು ಕೋಚುಗಳು ಗೆರೆಯಾಚೆ ನಿಂತು ರನ್ನರುಗಳಿಗೆ ಮಾತು ಹೇಳಬಹುದು. ಮೈ ಮುಟ್ಟಿ ಸಹಾಯ ಮಾಡುವಂತಿಲ್ಲ. ಪ್ರೇಕ್ಷಕರಾದ ನಮ್ಮದು ಓಡು ಎಂಬ ಒಂದೇ ಕೂಗು: "ಬಲಿಪು, ಬಲಿಪು!" ಕಂಬಳದ ಕರೆಯ ಬದಿಯಲ್ಲಿ ಆ ಕೂಗು ಚೆನ್ನ. ಬೇಸಿನ ಮೇಲೆ ಚೆಂಡಿಗೆ ಬೆನ್ನು ಹಾಕಿ ನಿಂತಿರುವ ಹತ್ತು ವರ್ಷದ ಹುಡುಗಿಗೆ ನಾಲ್ಕು ದಿಕ್ಕಿನಿಂದ ಅದನ್ನು ಕೂಗಿದರೆ ಅವಳು ಹೊರಟೇ ಬಿಡುತ್ತಾಳೆ, ಕ್ಯಾಚ್ ಆಗಿದೆಯೆಂದು ಗೊತ್ತಾಗುವಾಗ ತಡವಾಗಿರುತ್ತದೆ. ಒಳ್ಳೆಯ ಕೋಚ್ ಪ್ರತಿ ಎಸೆತಕ್ಕೂ ಮುಂಚೆ ಕೇಳುವುದು ಮೂರೇ ಪ್ರಶ್ನೆ: ಔಟ್ ಎಷ್ಟಾಗಿದೆ? ಚೆಂಡು ಎಲ್ಲುಂಟು? ನಿನ್ನ ಹಿಂದೆ ಯಾರಿದ್ದಾರೆ? ಎರಡು ಔಟ್ ಆಗಿದ್ದರೆ ಕ್ಯಾಚಿಗೆ ಕಾಯುವ ಕೆಲಸವಿಲ್ಲ, ಹೊಡೆದ ಕೂಡಲೇ ಹೊರಡಬಹುದು. ಹಿಡಿದರೆ ಹೇಗೂ ಇನ್ನಿಂಗ್ಸ್ ಮುಗಿಯಿತು. ಚೆಂಡು ಎಲ್ಲಿದೆಯೆಂದು ತಿಳಿದರೆ ಇನ್ನೊಂದು ಬೇಸ್ ಸಿಗುತ್ತದೋ ಇಲ್ಲವೋ ತಿಳಿಯುತ್ತದೆ. ಹಿಂದೆ ಯಾರಿದ್ದಾರೆಂದು ತಿಳಿದರೆ ಓಡಲೇಬೇಕೋ, ಓಡಬಹುದೋ ಎಂದು ತಿಳಿಯುತ್ತದೆ.

ನಮ್ಮ ಶಾಲೆಗಳಿಗೆ ಇದನ್ನು ತರಲು ಹೆಚ್ಚು ಖರ್ಚಿಲ್ಲ. ಗ್ಲೌಸು, ಹೆಲ್ಮೆಟ್ಟು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮರಳು ತುಂಬದ ನಾಲ್ಕು ಗೋಣಿಚೀಲಗಳನ್ನು 18 ದೊಡ್ಡ ಹೆಜ್ಜೆ ದೂರದೂರಕ್ಕೆ ಹಾಸಿ, ಬಟ್ಟೆಯ ಚೆಂಡೊಂದನ್ನು ಹೊಲಿದು, ಮೊದಲ ವಾರ ಹೊಡೆಯುವುದನ್ನು ಬಿಟ್ಟು ಬರೀ ಓಟವನ್ನೇ ಆಡಿಸಬಹುದು. ಮೇಷ್ಟ್ರು ಚೆಂಡನ್ನು ಕೈಯಲ್ಲೇ ಎಸೆಯಲಿ, ಮಕ್ಕಳು ಬೇಸಿನಲ್ಲಿ ನಿಂತು ಮೂರು ಪ್ರಶ್ನೆಗೆ ಉತ್ತರ ಹೇಳಿ ಹೊರಡಲಿ. ಜಗಳ ಬಂದಾಗ ತಕ್ಷಣ ತೀರ್ಪು ಕೊಡಬೇಡಿ, ಆ ರೂಲು ಯಾರಿಗೋಸ್ಕರ ಎಂದು ಅವರನ್ನೇ ಕೇಳಿ. ಮಕ್ಕಳ ನ್ಯಾಯಬುದ್ಧಿ ದೊಡ್ಡವರಿಗಿಂತ ಚುರುಕು. ಕಾರಣ ಕಂಡರೆ ತಮ್ಮ ಮೇಲೆ ಬಿದ್ದ ಔಟನ್ನೂ ಅವರು ಒಪ್ಪಿ ಹೊರಗೆ ಬರುತ್ತಾರೆ. ಹಾಗೆ ಒಪ್ಪಿ ಬರುವ ಹತ್ತು ಮಕ್ಕಳಿರುವ ತಂಡವೊಂದು ವಲಯ ಮಟ್ಟದಲ್ಲಿ ಮೊದಲ ಸುತ್ತಿಗೇ ಸೋತರೂ, ಅವರ ಮೇಷ್ಟ್ರು ಆ ವರ್ಷ ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡಿದ್ದಾರೆಂದೇ ನಾನು ಹೇಳುತ್ತೇನೆ.